ಗುಡಾಣದ ಅವರೆ

ಮೈಸೂರು
12-2-1978

ಗುರುಶಾಂತಕ್ಕನಿಗೆ ಗಿರಿಜಾಂಬಿಕಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅತ್ತೆಯವರು, ಭಾವನವರು, ನೀವು, ಹೊನ್ನಿ ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಕೊಬ್ಬರಿ, ಹುಚ್ಚೆಳ್ಳಿನ ಚಟ್ನಿಪುಡಿ ತಲುಪಿದವು. ಚಟ್ನಿಪುಡಿಯನ್ನು ನನ್ನ ಜೊತೆ ಕೋಣೆಯಲ್ಲಿರುವ ಹುಡುಗಿಯರು ಎರಡೇ ದಿನದಲ್ಲಿ ಖಾಲಿ ಮಾಡಿದರು.

ನಾನು ಈ ಪ್ರಯೋಗಾಲಯದಲ್ಲಿ ಏನು ಕೆಲಸ ಮಾಡುತ್ತೇನೆಂದು ನೀವು ಕೇಳುತ್ತಲೇ ಇದ್ದೀರಿ. ಬಿಳಿ ಇಲಿಮರಿಗಳಿಗೆ ಬೇಳೆಕಾಳಿನ ಹಿಟ್ಟು ತಿನ್ನಿಸುವುದು, ಅವುಗಳನ್ನು ತೂಗುವುದು, ಎಷ್ಟು ತಿಂದು ಎಷ್ಟು ಬೆಳೆದವು ಎಂದು ಬರೆದಿಡುವುದು. ದುರ್ಗಯ್ಯ ಅಂತ ಒಬ್ಬರು ಇಲಿಗಳನ್ನು ನೋಡಿಕೊಳ್ಳುತ್ತಾರೆ. ಅವರು ಇಲಿಗಳ ಜೊತೆ ದಿನವಿಡೀ ಮಾತಾಡುತ್ತಾರೆ. ನಾನು ಮಾತಾಡುವುದಿಲ್ಲ.

ವಿಷಯ ಇಷ್ಟು. ಮೈ ಕಟ್ಟುವ ಪ್ರೋಟೀನು ಇಪ್ಪತ್ತು ಬಗೆಯ ಚೂರುಗಳಿಂದ ಆಗುತ್ತದೆ. ಅವುಗಳಲ್ಲಿ ಗಂಧಕ ಇರುವ ಚೂರು ಒಂದುಂಟು, ಮೆಥಿಯೋನಿನ್ ಎಂದು ಹೆಸರು. ಅವರೆಯಲ್ಲಿ ಅದು ಕಡಿಮೆ. ಹೋಳಿಗೆ ಮಾಡುವಾಗ ಹೂರಣ ಮುಗಿದರೆ ಕಣಕ ಎಷ್ಟು ಮಿಕ್ಕಿದ್ದರೂ ಕೈ ತೊಳೆದುಕೊಂಡು ಏಳುತ್ತೇವಲ್ಲ, ಹಾಗೆ ಆ ಒಂದು ಚೂರು ಮುಗಿದರೆ ಮಿಕ್ಕ ಚೂರುಗಳೆಲ್ಲ ದಂಡ. ಇದು ಸಾಲದೆಂದು ಬೇಯಿಸದ ಕಾಳಿನಲ್ಲಿ ಒಂದು ಕೆಟ್ಟ ಅಂಶವೂ ಇರುತ್ತದೆ. ಬಿಸಿ ತಾಗಿದರೆ ಅದು ಸಾಯುತ್ತದೆ. ಬಿಸಿ ತಾಗದಿದ್ದರೆ ಹೊಟ್ಟೆಯಲ್ಲಿ ಸೇರಿಕೊಂಡು ಇರುವ ಗಂಧಕವನ್ನೂ ಪೋಲು ಮಾಡಿಸುತ್ತದೆ. ಬೇಯಿಸದ ಅವರೆಹಿಟ್ಟು ತಿಂದ ಇಲಿಮರಿ ಬೆಳೆಯುವುದಿರಲಿ, ಇದ್ದ ತೂಕವನ್ನೂ ಕಳೆದುಕೊಳ್ಳುತ್ತದೆ. ಹಾಗಲ್ಲದ ಅವರೆ ನಾಡಿನಲ್ಲಿ ಎಲ್ಲಾದರೂ ಉಂಟೇ ಎಂದು ಹುಡುಕುತ್ತಿದ್ದೇವೆ.

ನಮ್ಮ ಮನೆಯ ಅವರೆಯನ್ನೂ ನೋಡೋಣ ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದೇನೆ. ಎರಡು ಸೇರು ಕಳಿಸಿಕೊಡಿ. ಅಡುಗೆಯ ಕಾಳು ಬೇಡ. ಅದನ್ನು ಹುಳ ಬೀಳದಿರಲಿ ಎಂದು ನೀವು ಹಂಚಿನ ಮೇಲೆ ಬಿಸಿ ಮಾಡಿ ಇಡುತ್ತೀರಿ. ಬಿತ್ತನೆ ಬೀಜ ಇಡುವ ಮಣ್ಣಿನ ಗುಡಾಣದಿಂದ ತೆಗೆದದ್ದೇ ಬೇಕು.

ಇನ್ನೊಂದು ಮಾತು. ನಾನಿರುವುದು ತಾತ್ಕಾಲಿಕ ಹುದ್ದೆ. ಮುಂದಿನ ವರ್ಷದ ಮೊದಲಿಗೆ ಒಬ್ಬರನ್ನು ಖಾಯಂ ಮಾಡುತ್ತಾರೆ. ನನ್ನದಾದರೆ ಒಂದು ಮನೆ ಹಿಡಿದು, ಆ ಜೂನ್‌ಗೆ ಹೊನ್ನಿಯನ್ನು ಕರೆತಂದು ಇಲ್ಲೇ ಶಾಲೆಗೆ ಸೇರಿಸುತ್ತೇನೆ. ಅಷ್ಟರವರೆಗೆ ಮಗು ನಿಮ್ಮ ಹತ್ತಿರ ಇರಲಿ.

ನಿಮ್ಮ ಮೈದುನ ಹೋದ ಮೇಲೆ ನನಗೆ ಏನೂ ಅನ್ನಿಸುವುದಿಲ್ಲ ಅಕ್ಕ. ಅಳು ಬರಲಿ ಎಂದು ಕೆಲವು ದಿನ ಕಾದೆ. ಈಗ ಕಾಯುವುದೂ ನಿಂತಿದೆ. ಬೆಳಿಗ್ಗೆ ಎದ್ದು ಇಲಿ ತೂಗಲು ಹೋಗುತ್ತೇನೆ.

ಇಂತಿ,
ಗಿರಿಜಾ


ಶೆಟ್ಟಿಕೆರೆ
5-3-1978

ಗಿರಿಜಾ,

ಮೇಲೆ ಏನು ಬರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಮುಂಚೆ ಚಿ. ಸೌ. ಅಂತ ಹಾಕುತ್ತಿದ್ದೆ. ಈಗ ಒಂದನ್ನು ಬಿಟ್ಟು ಒಂದನ್ನು ಬರೆದರೆ ಬಿಟ್ಟಿದ್ದೇ ಎದ್ದು ಕಾಣುತ್ತದೆ.

ನಮ್ಮ ಊರಿನ ಹುಚ್ಚರಂಗಯ್ಯ ಮಗಳ ಬಾಣಂತನ ನೋಡಲು ಮೈಸೂರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಸೇರು ಅವರೆ ಕಳಿಸಿದ್ದೇನೆ. ಆರಿಸಿ ಕೇರಿ ಚೆನ್ನಾಗಿ ಮಾಡಿದ್ದೇನೆ, ಒಂದು ಕಾಳಿಗೂ ಹುಳ ಬಿದ್ದಿಲ್ಲ ನೋಡು. ಬೀಜ ಮನೆಯಿಂದ ಆಚೆ ಹೋಗಬಾರದು ಅಂತ ಅತ್ತೆ ಗೊಣಗಿದರು. ಹೇಗೋ ಆಯಿತು ಬಿಡು.

ನಾವು ಇಲಿಗೆ ಅಟ್ಟದ ಮೇಲೆ ಬೋನು ಇಡುತ್ತೇವೆ, ನೀನು ತಟ್ಟೆ ಇಡುತ್ತೀಯ. ಇದನ್ನು ಅತ್ತೆಗೆ ಹೇಳಿದರೆ, "ಇದುಕ್ಕಾ ಅವಳು ಬಿಎಸ್ಸಿ ಓದಿದ್ದು? ಇಲ್ಲಿಗೇ ಬರೇಳು, ಬೇಕಾದಷ್ಟು ಇಲಿ ಅವೆ" ಅಂದರು. ಬೇಜಾರು ಮಾಡಿಕೊಳ್ಳಬೇಡ, ನಗುತ್ತಲೇ ಅಂದರು. ಅವರು ನಕ್ಕಿದ್ದು ಬಹಳ ದಿನದ ಮೇಲೆ.

ಬಸವರಾಜಪ್ಪ ಅಟ್ಟಕ್ಕೆ ಏರಿಸಿ ಹೋಗಿದ್ದ ಕಾಯಿಯನ್ನು ದೀಪಾವಳಿ ಹೊತ್ತಿಗೆ ಇಳಿಸಿ ಸುಲಿಸಿದರು. ಅವನು ಲಾರಿಯಲ್ಲಿ ತಿಪಟೂರಿಗೆ ಕೊಬ್ಬರಿ ಹಾಕಿ ಬರಲು ಹೋದ ದಿನ ಬೆಳಿಗ್ಗೆ ಏರಿಸಿದ್ದು ಅವು. ಅವನು ಬರಲಿಲ್ಲ, ಕಾಯಿ ಅಟ್ಟದ ಮೇಲೆ ತನ್ನ ಪಾಡಿಗೆ ಒಣಗಿತು. ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ, ಗಡಗಡ ಅಂದಿತು. ನೀರೆಲ್ಲ ಒಳಗೇ ಇಂಗಿ, ಚಿಪ್ಪಿಗೂ ಒಳಗಿನದಕ್ಕೂ ಸಂಬಂಧ ಬಿಟ್ಟುಹೋಗಿತ್ತು. ಏನೂ ಅನ್ನಿಸುವುದಿಲ್ಲ ಅಂತ ನೀನು ಬರೆದಿದ್ದು ಓದಿದಾಗ ಅದೇ ನೆನಪಾಯಿತು. ಅವನಿಗೆ ಉಣ್ಣಿಸಿ ಬೆಳೆಸಿದವಳು ನಾನು. ನನಗೂ ಅಷ್ಟೆ.

ಹೊನ್ನಿ ಚೆನ್ನಾಗಿದ್ದಾಳೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಟ್ಟರೆ ಅಗಿಯದೆ ನುಂಗುವುದು ಕಲಿತಿದ್ದಾಳೆ. ನಿನ್ನನ್ನು ಯಾವಾಗಲೂ ಕೇಳುತ್ತಿರುತ್ತಾಳೆ.

ಜೂನ್ ಅಂದರೆ ಇನ್ನೂ ದೂರ ಇದೆ.

ನಿನ್ನ ಅಕ್ಕ,
ಗುರುಶಾಂತಮ್ಮ


ಮೈಸೂರು
28-5-1978

ಗುರುಶಾಂತಕ್ಕನಿಗೆ ನಮಸ್ಕಾರಗಳು.

ತಡವಾಗಿ ಬರೆಯುತ್ತಿದ್ದೇನೆ. ಇಲಿಗಳ ಫಲಿತಾಂಶ ಬರಲಿ ಎಂದು ಕಾದೆ.

ನಾಲ್ಕು ಊರಿನ ಅವರೆಗಳನ್ನು ಬೇಯಿಸದೆ ಪುಡಿ ಮಾಡಿ ಒಂದೊಂದು ಗುಂಪಿಗೆ ಒಂದೊಂದನ್ನು ಕೊಟ್ಟೆವು. ಮೂರು ಗುಂಪಿನ ಮರಿಗಳು ಒಣಗಿದವು, ಕೂದಲು ಒರಟಾಯಿತು, ಕೆಲವು ಸತ್ತವು. ನಮ್ಮ ಮನೆಯ ಅವರೆ ತಿಂದ ಗುಂಪು ಮಾತ್ರ ದಿನ ದಿನಕ್ಕೆ ತೂಕ ಏರಿತು. ದುರ್ಗಯ್ಯ ಬಂದು, "ಅಮ್ಮಾ, ನಿಮ್ಮೂರ ಕಾಳು ತಿಂದವು ಗೂಡಿನ ಬಾಗಿಲು ದೂಡ್ತಾ ಅವೆ" ಎಂದರು. ಮುಖ್ಯಸ್ಥರು ತಾವೇ ಬಂದು ತಕ್ಕಡಿಯ ಮುಂದೆ ನಿಂತು ನೋಡಿದರು. ಆ ಕಾಳಿಗೆ ಈಗ ಇಲ್ಲಿ ಶೆಟ್ಟಿಕೆರೆ ಎಂದೇ ಹೆಸರು.

ಕಾಳಿನ ಬಣ್ಣ ಮಿಕ್ಕವುಗಳಿಗಿಂತ ಸ್ವಲ್ಪ ಕಂದು. ಅದು ನಿಮ್ಮ ಕಡೆಯ ಕೆಂಪು ಮಣ್ಣಿನ ಗುಣ ಇರಬಹುದು ಎಂದು ಬರೆದಿದ್ದೇನೆ. ಮೆಥಿಯೋನಿನ್ ಎಷ್ಟಿದೆ ಎಂದು ಅಳೆಯುವುದು ಇನ್ನೂ ಬಾಕಿ. ಅದೂ ಹೆಚ್ಚು ಬಂದರೆ ದೊಡ್ಡ ಸುದ್ದಿಯೇ ಆಗುತ್ತದೆ ಎನ್ನುತ್ತಾರೆ. ಖಾಯಂ ಹುದ್ದೆಗೆ ನನ್ನ ಹೆಸರು ಮುಂದೆ ಬಂದಿದೆ.

ಸಂತೋಷ ಆಗಬೇಕಿತ್ತು. ಆಗಿದೆ ಎಂದೇ ಇಟ್ಟುಕೊಳ್ಳಿ. ಶಾಲೆಯ ಹತ್ತಿರ ಒಂದು ಮನೆಯನ್ನು ಹೊರಗಿನಿಂದ ನೋಡಿ ಬಂದೆ. ಮುಂದೆ ಎರಡು ಮಾರಿನಷ್ಟು ಜಾಗ ಇದೆ, ಹೊನ್ನಿ ಆಡಿಕೊಳ್ಳಬಹುದು.

ಗುಡಾಣದಿಂದ ಬೀಜ ತೆಗೆಸಿಕೊಟ್ಟದ್ದಕ್ಕೆ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಗಿರಿಜಾ


ಶೆಟ್ಟಿಕೆರೆ
16-7-1978

ಗಿರಿಜಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬಿತ್ತನೆಯ ಗಡಿಬಿಡಿ, ಬರೆಯಲು ಆಗಲಿಲ್ಲ.

ನಿಮ್ಮವರಿಗೆ ಒಂದು ಮಾತು ಕೇಳು. ಜನ ಬೇಯಿಸಿ ತಿನ್ನುವ ಕಾಳನ್ನು ಇಲಿಗೆ ಬೇಯಿಸದೆ ಯಾಕೆ ಕೊಡುವುದು? ಬೇಯಿಸಿದ್ದನ್ನೇ ಕೊಟ್ಟು ನೋಡಿದರೆ ಆಗದಾ? ಬಿಸಿ ತಾಗಿದ್ದಕ್ಕೂ ತಾಗದ್ದಕ್ಕೂ ಅಷ್ಟೊಂದು ವ್ಯತ್ಯಾಸವಾ? ಸುಮ್ಮನೆ ಕೇಳಿದೆ.

ಮೊನ್ನೆ ಬೋರೆ ಹೊಲಕ್ಕೆ ರಾಗಿ ಬಿತ್ತಿದರು. ನಿಮ್ಮ ಭಾವ ಕೂರಿಗೆ ಹಿಡಿದರು. ರಾಗಿಯ ನಡುವಿನ ಅಕ್ಕಡಿ ಸಾಲಿಗೆ ಅವರೆ ಬಿಡುವುದಕ್ಕೆ ಅತ್ತೆ ಗುಡಾಣದಿಂದ ಬೀಜ ತೆಗೆದು ಹೊನ್ನಿಯ ಮಡಿಲಿಗೆ ಹಾಕಿದರು. ಅವಳು ಒಂದೊಂದೇ ಕಾಳು ಬಿಡುತ್ತಾ, ಬಿಟ್ಟಿದ್ದನ್ನು ಮತ್ತೆ ಎತ್ತಿ ನೋಡುತ್ತಾ, ಅರ್ಧ ಸಾಲು ಹೋಗುವಷ್ಟರಲ್ಲಿ ಎಲ್ಲರಿಗೂ ಸಾಕು ಮಾಡಿದಳು. "ಈ ಕೂಸು ಮುಗ್ಸೋದ್ರೊಳಗೆ ಮಳೆಗಾಲ ಮುಗೀತದೆ ಬುಡು" ಅಂದರು ನಿಮ್ಮ ಭಾವ. ನಾನು ಬದುವಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತು ನೋಡಿದೆ.

ಇತ್ತೀಚೆಗೆ ಹೊನ್ನಿ ನನ್ನ ಸೆರಗಿನ ತುದಿ ಹಿಡಿದುಕೊಳ್ಳದಿದ್ದರೆ ಮಲಗುವುದಿಲ್ಲ. ಮೈಸೂರಿನಲ್ಲಿ ನಿನ್ನ ಸೆರಗು ಹಿಡಿಯುತ್ತಾಳೆ ಬಿಡು, ಮಕ್ಕಳು ಬೇಗ ಒಗ್ಗಿಕೊಳ್ಳುತ್ತವೆ. ಆ ಮನೆಗೆ ಮುಂಗಡ ಕೊಟ್ಟೆಯಾ?

ನಿನ್ನ ಅಕ್ಕ,
ಗುರುಶಾಂತಮ್ಮ


ಮೈಸೂರು
10-9-1978

ಗುರುಶಾಂತಕ್ಕನಿಗೆ ನಮಸ್ಕಾರಗಳು.

ಮನೆಗೆ ಮುಂಗಡ ಕೊಟ್ಟಿಲ್ಲ. ಸಂದರ್ಶನ ಜನವರಿ ಕೊನೆಗೆ.

ನಿಮ್ಮ ಪ್ರಶ್ನೆಗೆ ಉತ್ತರ. ಬಿಸಿ ತಾಗಿದ್ದಕ್ಕೂ ತಾಗದ್ದಕ್ಕೂ ವ್ಯತ್ಯಾಸ ಬಹಳ ಇದೆ. ಬಿಸಿ ತಾಗಿಸಿ ಕೊಟ್ಟರೆ ಯಾವ ಊರಿನ ಅವರೆಯಾದರೂ ಇಲಿ ಬೆಳೆಯುತ್ತದೆ, ಅದರಲ್ಲಿ ಹೊಸದೇನೂ ಇಲ್ಲ. ಬಿಸಿ ತಾಗದೆಯೂ ಬೆಳೆಸಿತು ಎಂಬುದೇ ನಮ್ಮ ಶೆಟ್ಟಿಕೆರೆಯ ಹೆಚ್ಚುಗಾರಿಕೆ.

ಒಂದು ತೊಂದರೆ ಆಗಿದೆ. ತಳಿ ಬೆಳೆಸುವವರಿಗೆ ಅದರಲ್ಲಿ ಅರ್ಧ ಸೇರು ಕೊಟ್ಟಿದ್ದೆವು. ಅವರು ಜುಲೈನಲ್ಲಿ ತಮ್ಮ ತಾಕಿಗೆ ಹಾಕಿದರು. ಒಂದೂ ಮೊಳೆಯಲಿಲ್ಲವಂತೆ. ಆ ವಾರ ಮಳೆ ಜಾಸ್ತಿ ಇತ್ತು, ಕೊಳೆತಿರಬೇಕು. ಗುಡಾಣದಿಂದ ಇನ್ನೊಂದು ಸೇರು ಕಳಿಸಿ. ಸ್ವಲ್ಪ ಬೇಗ ಕಳಿಸಿದರೆ ಒಳ್ಳೆಯದು.

ಇಲ್ಲಿ ಎಲ್ಲ ಸರಿಯಾಗಿದೆ. ಹೊನ್ನಿಗೆ ಒಂದು ಲಂಗ ಹೊಲಿಸಿದ್ದೇನೆ. ಅಳತೆ ತಿಳಿಯದೆ ಅಂದಾಜಿಗೆ ಹೊಲಿಸಿದೆ.

ಇಂತಿ,
ಗಿರಿಜಾ


ಮೈಸೂರು
3-12-1978

ಗುರುಶಾಂತಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದಿಲ್ಲ. ಬೀಜವೂ ಬಂದಿಲ್ಲ. ಅಕ್ಟೋಬರ್‌ನಲ್ಲಿ ಒಂದು ಕಾರ್ಡು ಹಾಕಿದ್ದೆ, ಅದಕ್ಕೂ ಉತ್ತರವಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ಹೊನ್ನಿ ಚೆನ್ನಾಗಿದ್ದಾಳಾ? ಅದೊಂದನ್ನಾದರೂ ಬರೆಯಿರಿ.

ಉಳಿದಿದ್ದ ಕಾಳಿನಲ್ಲಿ ಒಂದು ಹಿಡಿಯನ್ನು ನಾನೇ ಡಬ್ಬಿಗೆ ಮಣ್ಣು ತುಂಬಿ ಹಾಕಿದೆ. ನೀರನ್ನು ಎಷ್ಟು ಬೇಕೋ ಅಷ್ಟೇ ಹಾಕಿದೆ. ಹದಿನೈದು ದಿನದ ಮೇಲೆ ಕೆದಕಿ ನೋಡಿದೆ. ಕಾಳು ಉಬ್ಬಿ ಮೆತ್ತಗಾಗಿ ಹಾಗೇ ಕೂತಿತ್ತು.

ಇಂತಿ,
ಗಿರಿಜಾ


ಶೆಟ್ಟಿಕೆರೆ
15-1-1979

ಗಿರಿಜಾ,

ಹೊನ್ನಿ ಚೆನ್ನಾಗಿದ್ದಾಳೆ. ಎಲ್ಲರೂ ಚೆನ್ನಾಗಿದ್ದೇವೆ. ನಿನ್ನೆ ಸಂಕ್ರಾಂತಿ ಕಳೆಯಿತು. ಕಾಯಿಲೆ ಬಿದ್ದಿದ್ದರೆ ಬರೆಯದಿದ್ದಕ್ಕೆ ಒಂದು ನೆಪ ಇರುತ್ತಿತ್ತು, ಅದೂ ಇಲ್ಲ.

ನಾನು ಕಳಿಸಿದ್ದು ಅಡುಗೆಯ ಕಾಳು. ಹಂಚಿನ ಮೇಲೆ ಬಿಸಿ ಮಾಡಿದ್ದು.

ಗುಡಾಣಕ್ಕೆ ನಾನು ಕೈ ಹಾಕುವ ಹಾಗಿಲ್ಲ ಗಿರಿಜಾ. ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು, ಒಂದು ಸಲವೂ ಹಾಕಿಲ್ಲ. ಹೆತ್ತವರು ಮಾತ್ರ ಬಿತ್ತನೆ ಬೀಜ ತೆಗೆಯಬೇಕು ಅನ್ನುವುದು ಅತ್ತೆಯ ಅತ್ತೆಯ ಕಾಲದಿಂದ ಬಂದಿದ್ದು. ಮೊದಲ ವರ್ಷ ನನಗೆ, "ನಿಂಗಾಗ್ಲಿ, ಆಮೇಲೆ ನೀನೇ ತೆಗಿಯೋವಂತೆ" ಅಂದಿದ್ದರು. ಆಗಲಿಲ್ಲ. ಆಮೇಲೆ ಯಾರೂ ಏನೂ ಹೇಳಲಿಲ್ಲ, ನಾನೂ ಆ ಮೂಲೆಗೆ ಹೋಗಲಿಲ್ಲ. ನೀನು ಬಂದೆ, ಹೊನ್ನಿ ಹುಟ್ಟಿದಳು, ಆ ವರ್ಷವೇ ಅತ್ತೆ ನಿನ್ನನ್ನು ಕರೆದು ಗುಡಾಣದ ಬಾಯಿ ಬಿಚ್ಚಿಸಿದರು.

ನಿನ್ನ ಕಾಗದ ಬಂದಾಗ ಅತ್ತೆಯನ್ನು ಕೇಳಿದೆ. "ಇಲಿಗೆ ಹಾಕಕ್ಕೆ ಬಿತ್ತನೆ ಬೀಜವಾ? ಕೊಡಕಿಲ್ಲ ಕಣೇ" ಅಂದುಬಿಟ್ಟರು. ನಿನಗೆ ಹಾಗೇ ಬರೆಯಬಹುದಿತ್ತು. ಆದರೆ ನೀವೇ ತೆಗೆದು ಕಳಿಸಿ ಅನ್ನುತ್ತೀಯ ಅಂತ ಹೆದರಿದೆ. ಆಗ ನಾನು ಯಾಕೆ ತೆಗೆಯುವ ಹಾಗಿಲ್ಲ ಅನ್ನುವುದನ್ನು ಕಾಗದದಲ್ಲಿ ಬರೆಯಬೇಕಾಗುತ್ತಿತ್ತು. ಅದು ನನ್ನ ಕೈಲಿ ಆಗಲಿಲ್ಲ. ಕಾಳು ಕಾಳೇ, ಸ್ವಲ್ಪ ಬಿಸಿ ಕಂಡರೆ ಇಲಿಗೇನು ಗೊತ್ತಾಗುತ್ತದೆ ಅಂದುಕೊಂಡು ಅಡುಗೆಮನೆಯ ಮಡಕೆಯಿಂದ ಹಾಕಿ ಕಳಿಸಿದೆ. ಇಲಿಗೆ ಗೊತ್ತಾಯಿತು.

ಸೆಪ್ಟೆಂಬರ್ ಕಾಗದ ಓದಿದಾಗ ನಾನು ಮಾಡಿದ್ದೇನು ಅಂತ ಪೂರ್ತಿ ತಿಳಿಯಿತು. ಅವತ್ತೇ ಬರೆಯಲು ಕೂತೆ. ಬರೆದರೆ ನಿನ್ನ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹೊನ್ನಿ ಇಲ್ಲೇ ಉಳಿಯುತ್ತಾಳೆ. ಮಗುವನ್ನು ಉಳಿಸಿಕೊಳ್ಳಲು ಇವಳು ಇದನ್ನು ಬರೆದಳು ಅಂತ ನಿನಗೆ ಅನ್ನಿಸುತ್ತದೆ. ನಿನಗೇನು, ನನಗೇ ಹಾಗೆ ಅನ್ನಿಸಿತು. ಕಾಗದ ಮಡಚಿ ಒಲೆಗೆ ಹಾಕಿದೆ. ಹೀಗೇ ಮಾಡುತ್ತಾ ನಾಲ್ಕು ತಿಂಗಳು ಹೋಯಿತು. ಸಂದರ್ಶನ ಈ ತಿಂಗಳ ಕೊನೆಗೆ ಅಂತ ಬರೆದಿದ್ದೆಯಲ್ಲ, ಇನ್ನು ತಡ ಮಾಡಿದರೆ ಹೇಳಿಯೂ ಹೇಳದ ಹಾಗೆ.

ಏನು ಬೇಕಾದರೂ ಅನ್ನು.

ಗುರುಶಾಂತಮ್ಮ


ಮೈಸೂರು
11-2-1979

ಅಕ್ಕ,

ನಿಮ್ಮ ಕಾಗದ ಬಂದ ಮಾರನೆಯ ದಿನ ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಚ್ಚಿಗೆ ಕೊಟ್ಟಿರಲಿಲ್ಲ, ಅದೇ ಪುಣ್ಯ" ಎಂದರು. ಸಂದರ್ಶನದಲ್ಲಿ ಅವರೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಖಾಯಂ ಹುದ್ದೆ ಬೇರೆಯವರಿಗೆ ಹೋಯಿತು. ನನ್ನದನ್ನು ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಸಿದ್ದಾರೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಬರಲು ನನಗೆ ಹಕ್ಕೂ ಇಲ್ಲ. ಮೆಥಿಯೋನಿನ್ ಅನ್ನು ನಾನು ಜೂನ್‌ನಲ್ಲೇ ಅಳೆದಿದ್ದೆ. ಮಿಕ್ಕ ಅವರೆಗಳಲ್ಲಿ ಇದ್ದಷ್ಟೇ ಇತ್ತು, ಒಂದು ಗುಲಗಂಜಿಯೂ ಹೆಚ್ಚಿಲ್ಲ. ಆ ಹೊತ್ತಿಗೇ ಅನುಮಾನ ಬಂದಿತ್ತು, ಇದು ಬಿಸಿ ಕಂಡ ಕಾಳು ಎಂದು. ಕಂದು ಬಣ್ಣ, ಹುಳ ಇಲ್ಲದ್ದು, ಆಮೇಲೆ ನೀವು ಕೇಳಿದ ಪ್ರಶ್ನೆ, ಮೊಳೆಯದ್ದು, ಎಲ್ಲವೂ ಅದನ್ನೇ ಹೇಳುತ್ತಿದ್ದವು. ಆದರೂ ಎಲ್ಲ ಸರಿಯಾಗಿದೆ ಎಂದು ನಿಮಗೆ ಬರೆದೆ. ಹೊನ್ನಿ ಬರುವುದೊಂದೇ ಕಣ್ಣ ಮುಂದಿತ್ತು. ನೀವು ಹೇಳಿಬಿಡಿ ಎಂದೂ ಕಾಯುತ್ತಿದ್ದೆ, ಹೇಳದಿರಿ ಎಂದೂ ಕಾಯುತ್ತಿದ್ದೆ.

ಆ ಮನೆಯಲ್ಲಿ ಇದ್ದಷ್ಟು ವರ್ಷ ಅತ್ತೆಯವರು ಕರೆದಾಗ ಹೋಗಿ ಗುಡಾಣದಿಂದ ಬೀಜ ತೆಗೆದಿದ್ದೇನೆ. ಆಗ ನೀವು ಎಲ್ಲಿರುತ್ತಿದ್ದಿರಿ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಕಾಗದ ಓದಿದ ಮೇಲೆ ಇದೊಂದು ಮಾತ್ರ ನನಗೆ ನೋವಾಯಿತು. ನೋವಾಗಿದ್ದು ಬಹಳ ದಿನದ ಮೇಲೆ.

ಈಗ ರಾಗಿಹಿಟ್ಟಿಗೆ ಬೇಯಿಸಿದ ಅವರೆ ಬೆರೆಸಿ ಕೊಡುತ್ತಿದ್ದೇವೆ. ಅವರೆಯಲ್ಲಿ ಕಡಿಮೆ ಇರುವ ಗಂಧಕದ ಚೂರು ರಾಗಿಯಲ್ಲಿ ಸಾಕಷ್ಟಿದೆ. ರಾಗಿಯಲ್ಲಿ ಸಾಲದ ಇನ್ನೊಂದು ಚೂರು ಅವರೆಯಲ್ಲಿದೆ. ಯಾವುದಾದರೂ ಒಂದನ್ನೇ ಕೊಟ್ಟರೆ ಅಷ್ಟಾಗಿ ಬೆಳೆಯದ ಮರಿಗಳು ಎರಡನ್ನೂ ಕೊಟ್ಟಾಗ ಚೆನ್ನಾಗಿ ಬೆಳೆಯುತ್ತಿವೆ. ಇದು ದೊಡ್ಡ ಸುದ್ದಿಯೇನಲ್ಲ.

ಈ ಸಂಬಳದಲ್ಲಿ ಮನೆ ಹಿಡಿದು ಮಗುವನ್ನು ಸಾಕುವ ಧೈರ್ಯ ನನಗಿಲ್ಲ. ಹೊನ್ನಿ ನಿಮ್ಮ ಹತ್ತಿರವೇ ಇರಲಿ. ಅಲ್ಲಿಯ ಶಾಲೆಗೇ ಸೇರಿಸಿ. ಲಂಗವನ್ನು ಅಂಚೆಯಲ್ಲಿ ಕಳಿಸಿದ್ದೇನೆ.

ಇಂತಿ,
ಗಿರಿಜಾ


ಶೆಟ್ಟಿಕೆರೆ
20-5-1979

ಗಿರಿಜಾ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಿಮ್ಮ ಭಾವ ತರುತ್ತಿದ್ದಾರೆ, ಅವರ ಜೊತೆ ಹೊನ್ನಿ ಬರುತ್ತಿದ್ದಾಳೆ.

ನೀನು ಬೇಡ ಅಂದಿದ್ದೆ. ಕಾಗದ ಓದಿ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೋಳಿ ಹುಣ್ಣಿಮೆ ಕಳೆಯುವವರೆಗೂ ಸಂತೋಷವಾಗೇ ಇದ್ದೆ. ಆಮೇಲೆ ಒಂದು ದಿನ ಲಂಗ ಹಾಕಿ, "ನಿಮ್ಮಮ್ಮ ಕಳ್ಸಿದ್ದು ಕಣೇ" ಅಂದೆ. "ಯಾವ ಅಮ್ಮ, ಮೈಸೂರಮ್ಮನಾ?" ಅಂದಳು. ನಿನಗೆ ಬರೆದಿರಲಿಲ್ಲ, ಅವಳು ನನ್ನನ್ನು ಅವ್ವ ಅನ್ನುತ್ತಾಳೆ. ನಿನ್ನನ್ನು ಕೇಳುತ್ತಿರುತ್ತಾಳೆ ಅಂತ ನಾನು ಬರೆದಿದ್ದೆಲ್ಲ ಸುಳ್ಳು. ಕೇಳುವುದು ಬಿಟ್ಟು ವರ್ಷದ ಮೇಲಾಯಿತು.

ಕೆಲಸ ಖಾಯಂ ಆಗಲಿ ಅಂತ ನೀನು ಕಾಯುತ್ತಾ ಕೂತರೆ ಇವಳು ಪೂರ್ತಿ ನನ್ನವಳೇ ಆಗಿಬಿಡುತ್ತಾಳೆ. ಹಾಗಾಗಲಿ ಅಂತ ನನಗೆ ಬಹಳ ಆಸೆ ಇದೆ, ಅದಕ್ಕೇ ಕಳಿಸುತ್ತಿದ್ದೇನೆ. ಮುದ್ದೆ, ಅವರೆಸಾರು ಎರಡೂ ಬೇಕು ಅಂತ ನಿನ್ನ ಇಲಿಗಳೇ ಒಪ್ಪಿವೆಯಲ್ಲ. ಈ ಮಗುವಿಗೂ ನಾವಿಬ್ಬರೂ ಬೇಕು. ನನ್ನ ಪಾಲು ಇಷ್ಟು ದಿನ ಕೊಟ್ಟೆ, ಇನ್ನು ನಿನ್ನದು ಕೊಡು. ಬೇಸಿಗೆ ರಜಕ್ಕೆ ಇಲ್ಲಿಗೆ ಕಳಿಸು. ರಾಗಿ, ಕಾಯಿ, ಕಾಳು ಇಲ್ಲಿಂದ ಬರುತ್ತವೆ, ಅದರ ಚಿಂತೆ ಬೇಡ. ನಿಮ್ಮ ಭಾವ ಒಪ್ಪಿ, ಅಟ್ಟ ಹತ್ತಿ ಕೊಬ್ಬರಿ ಆರಿಸಲು ಹೋದರು.

ಚೀಲದಲ್ಲಿ ಒಂದು ಸಣ್ಣ ಗಂಟಿದೆ. ಅದು ಗುಡಾಣದ ಅವರೆ. ನಾನೇ ತೆಗೆದಿದ್ದು.

ಹೊನ್ನಿಯ ಬಟ್ಟೆ ಜೋಡಿಸುತ್ತಿದ್ದೆ. ಹಾಗೇ ಎದ್ದು ಹೋಗಿ ಗುಡಾಣದ ಬಾಯಿಗೆ ಮೆತ್ತಿದ್ದ ಸಗಣಿ ಒಡೆದು, ಬೇವಿನಸೊಪ್ಪು ಸರಿಸಿ ಕೈ ಹಾಕಿದೆ. ಮೊಣಕೈವರೆಗೂ ಹೋಯಿತು. ಒಳಗೆ ತಣ್ಣಗಿತ್ತು. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ಯಾವುದಕ್ಕೆ ಕೈ ಹಾಕಿದೀಯ ಗೊತ್ತೇನೇ?"

"ಗೊತ್ತು ಕಣತ್ತೆ."

"ಈ ಸಲ ಹೊಲದಾಗೆ ಒಂದು ಕಾಳು ಮೊಳೀದೇ ಹೋಗ್ಲಿ, ನಾನೇನೂ ಅನ್ನಕಿಲ್ಲ. ಊರೇ ಅಂತದೆ."

"ಅನ್ಲಿ ಬುಡಿ."

ಅವರು ಹೋದರು. ನಾನು ಬಾಯಿ ಮುಚ್ಚಿ ಹೊಸ ಸಗಣಿ ಮೆತ್ತಿದೆ. ಆಗ ಧೈರ್ಯವಾಗಿದ್ದೆ. ಈಗ ಇಲ್ಲ. ಮುಂದಿನ ತಿಂಗಳು ಬಿತ್ತನೆ, ಇರುವುದು ಅದೊಂದೇ ಗುಡಾಣ. ನಿಜವಾಗಲೂ ನನ್ನ ಕೈ ಹಾಗೇ ಇದ್ದರೆ? ಓದಿದವಳು ನೀನು, ನಗಬೇಡ. ಹತ್ತೊಂಬತ್ತು ವರ್ಷ ಎಲ್ಲರೂ ನಂಬಿದ್ದನ್ನು ನಾನೂ ಸ್ವಲ್ಪ ನಂಬಿದ್ದೇನೆ.

ನೀನು ಅಲ್ಲಿ ಮೊದಲು ಮಣ್ಣಿಗೆ ಹಾಕಿ ನೋಡು. ಮೊಳೆತರೆ ಬರೆ. ಮೊಳೆಯದಿದ್ದರೆ ಕಾಗದ ಬರೆಯಬೇಡ, ನಾನು ತಿಳಿದುಕೊಳ್ಳುತ್ತೇನೆ.

ಹೊನ್ನಿಗೆ ಸಾರು ಖಾರ ಆಗಬಾರದು. ನಿದ್ದೆಗಣ್ಣಿನಲ್ಲಿ ಸೆರಗು ಹುಡುಕುತ್ತಾಳೆ, ಹತ್ತಿರ ಇರು.

ನಿನ್ನ ಅಕ್ಕ,
ಗುರುಶಾಂತಮ್ಮ


ಮೈಸೂರು
8-6-1979

ಅಕ್ಕ,

ಬರೆಯುವುದು ತಡವಾಯಿತು. ನಾನು ಸುಮ್ಮನಿದ್ದದ್ದನ್ನು ನೀವು ಹೇಗೆ ತಿಳಿದುಕೊಂಡಿರೋ ಎಂದು ಭಯವಾಗುತ್ತಿದೆ. ಆ ಮನೆ ಸಿಗಲಿಲ್ಲ, ದುರ್ಗಯ್ಯನವರ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಅದೇ ವಾರ ಹೊನ್ನಿಗೆ ಜ್ವರ ಬಂತು. ಈಗ ವಾಸಿಯಾಗಿದೆ.

ಮೊದಲ ಕೆಲವು ದಿನ ಅವಳು ನನ್ನ ಹತ್ತಿರ ಬರಲಿಲ್ಲ. ಅವ್ವ ಬೇಕು ಎಂದು ಗೋಡೆಗೆ ಮುಖ ಮಾಡಿ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ನಿದ್ದೆಯಲ್ಲಿ ಕೈ ಚಾಚಿದಾಗ ಸೆರಗು ಕೊಟ್ಟೆ. ಅವಳು ಅದನ್ನು ಮೂಸಿ ನೋಡಿ ಬಿಟ್ಟುಬಿಟ್ಟಳು. ಆಗ ನನಗೆ ಅಳು ಬಂತು ಅಕ್ಕ. ನಿಮ್ಮ ಮೈದುನ ಹೋದ ಮೇಲೆ ಇದೇ ಮೊದಲು. ಬೆಳಗಿನವರೆಗೂ ನಿಲ್ಲಲಿಲ್ಲ.

ಮಾರನೆಯ ದಿನ ಗಂಟು ಬಿಚ್ಚಿದೆ. ಡಬ್ಬಿಗೆ ಮಣ್ಣು ತುಂಬಿ ಅವಳ ಮುಂದಿಟ್ಟೆ. ಯಾರೂ ಹೇಳಿಕೊಡದೆಯೇ ಕಾಳನ್ನು ಮಡಿಲಿಗೆ ಸುರಿದುಕೊಂಡು ಒಂದೊಂದೇ ಬಿಟ್ಟಳು, ಬಿಟ್ಟಿದ್ದನ್ನು ಮತ್ತೆ ಎತ್ತಿ ನೋಡಿದಳು. ನೀವು ಬರೆದ ಹಾಗೇ. ದಿನಾ ಬೆಳಿಗ್ಗೆ ಎದ್ದವಳೇ ಡಬ್ಬಿಯ ಹತ್ತಿರ ಓಡುತ್ತಿದ್ದಳು. ಜ್ವರದಲ್ಲೂ ಎತ್ತಿಕೊಂಡು ಹೋಗಿ ತೋರಿಸಬೇಕಾಯಿತು. ನಿನ್ನೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿ, "ಅವ್ವಂಗೆ ಬರಿ" ಎಂದಳು.

ಎಲ್ಲವೂ ಮೊಳೆತಿವೆ. ಒಂದು ಕಾಳೂ ಸುಳ್ಳಾಗಿಲ್ಲ.

ಬಿತ್ತನೆಗೆ ಇನ್ನೂ ದಿನ ಇದೆ. ಅತ್ತೆಯವರನ್ನು ಜಗಲಿಯ ಮೇಲೆ ಕೂರಿಸಿ ಈ ಕಾಗದವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ.

ಇಂತಿ,
ಗಿರಿಜಾ